ಮಕ್ಕಾ ದರ್ವಾಜೆಯಿಂದ ತೊರವಿಗೆ

ವಿಜಯಪುರಕ್ಕೆ ಬರುವ ಯಾತ್ರಿಕರಲ್ಲಿ ಬಹುಮಂದಿ ರೈಲಿನಿಂದಿಳಿದು, ನಿಲ್ದಾಣದ ಸಮೀಪದಲ್ಲಿಯೇ ಆಕಾಶಕ್ಕೆ ತಲೆಯೆತ್ತಿ ನಿಂತಿರುವ ಗೋಳಗುಮ್ಮಟವನ್ನು ಕಂಡು, ಅದರ ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಏರಿ, ಪಿಸುಮಾತಿನ ಗ್ಯಾಲರಿಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ, ಅದು ಮತ್ತೆ ಮತ್ತೆ ಮರಳಿ ಬರುವುದನ್ನು ಎಣಿಸಿ, ಆಮೇಲೆ ಟಾಂಗಾ ಹಿಡಿದು ಜುಮ್ಮಾ ಮಸೀದಿಯನ್ನೂ ಬಾರಾಕಮಾನನ್ನೂ ನೋಡಿದ ಶಾಸ್ತ್ರ ಮುಗಿಸಿ, ಹೊತ್ತು ಮಿಕ್ಕಿದರೆ ಮಾತ್ರ ಇಬ್ರಾಹಿಂ ರೋಜಾಕ್ಕೆ ಹೋಗಿಬರುವುದು ರೂಢಿ. ಈ ಕ್ರಮವನ್ನು ಅವರಿಗೆ ಕಲಿಸಿದುದು ಇತಿಹಾಸವಲ್ಲ, ರೈಲು. ಹೊಟಗಿಯಿಂದ ಗದಗಕ್ಕೆ ಹೋಗುವ ಲೋಹಮಾರ್ಗವು 1884ರಲ್ಲಿ ಊರಿನ ಪೂರ್ವಕ್ಕೆ ಹಾಯ್ದು, ಮರುವರ್ಷವೇ ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರವು ಇಲ್ಲಿಗೆ ಬಂದು, ಹಾಳುಸುರಿಯುತ್ತಿದ್ದ ಅರಮನೆಗಳಲ್ಲಿ ಆಂಗ್ಲ ಅಧಿಕಾರಿಗಳು ಮೇಜು ಕುರ್ಚಿಗಳನ್ನು ಹಾಕಿಸಿ ಕುಳಿತ ಮೇಲೆ, ಪಟ್ಟಣವು ಮೂಡಣಕ್ಕೆ ಮೋರೆ ತಿರುಗಿಸಿತು. ಅದಕ್ಕೆ ಹಿಂದೆ, ಆದಿಲಶಾಹಿಯು ಬಾಳಿದ ಸುಮಾರು ಇನ್ನೂರು ವರ್ಷಗಳ ಕಾಲ, ಈ ನಗರದ ಮುಖವಿದ್ದುದು ಪಡುವಣಕ್ಕೆ. ಇಂದು ನಾವು ಅಥಣಿ ರಸ್ತೆಯೆಂದು ಕರೆಯುವ ದಾರಿಯ ಕಡೆಗೆ.

ಪಡುವಣದಲ್ಲಿ ಏನಿತ್ತೆಂದು ಕೇಳಿದರೆ, ಸಮುದ್ರವಿತ್ತೆಂದು ಉತ್ತರ ಕೊಡಬೇಕು. ದಾಭೋಳ, ಗೋವೆ ಮುಂತಾದ ಬಂದರುಗಳಲ್ಲಿ ಇಳಿದ ಅರಬೀ ಕುದುರೆಗಳೂ, ಪರದೇಶದ ವಸ್ತುಗಳೂ, ಪಾರಸಿಕ ದೇಶದ ಕವಿಗಳೂ ಸಿಪಾಯಿಗಳೂ ಘಟ್ಟವನ್ನು ಹತ್ತಿ ರಾಜಧಾನಿಯನ್ನು ಸೇರುತ್ತಿದ್ದುದು ಪಶ್ಚಿಮದಿಂದ. 1639ರ ಸುಮಾರಿನಲ್ಲಿ ಹಿಂದೂಸ್ಥಾನವನ್ನು ಸಂಚರಿಸಿದ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೊ ಎಂಬವನ ಗ್ರಂಥದಲ್ಲಿ ಅಥಣಿಯು ದೊಡ್ಡ ವ್ಯಾಪಾರದ ಊರೆಂದು ಹೆಸರಾಗಿದೆ. ಇಂದು ಆ ಊರಿನ ಕೀರ್ತಿಯನ್ನು ಅದರ ಚಪ್ಪಲಿಗಳು ಹೊತ್ತಿವೆ. ಅಂದು ಅದನ್ನು ಸಂತೆಯೇ ಹೊತ್ತಿತ್ತು.

ಆ ಕಾಲದ ಪೇಟೆಯನ್ನು ಕಣ್ಣಾರೆ ಕಂಡು ಬರೆದಿಟ್ಟವನು ಅಸದ್ ಬೇಗ್. ಅಕಬರನ ಆಸ್ಥಾನದಿಂದ ಎರಡನೆಯ ಇಬ್ರಾಹಿಂ ಆದಿಲಶಹನಲ್ಲಿಗೆ 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಂದ ರಾಯಭಾರಿ. ಆಗ್ರಾದಂಥ ನಗರದಿಂದ ಬಂದವನಿಗೂ ಇಲ್ಲಿಯ ಬಜಾರು ಬೆರಗಾಗಿ ತೋರಿತೆಂಬುದನ್ನು ಗಮನಿಸತಕ್ಕದ್ದು: ಮೂವತ್ತು ಗಜ ಅಗಲ, ಎರಡು ಕ್ರೋಶ ಉದ್ದದ ಬೀದಿ, ಪ್ರತಿಯೊಂದು ಅಂಗಡಿಯ ಮುಂದೆಯೂ ಹಸಿರು ಮರ, ರತ್ನಪಡಿಯವರ ಮಳಿಗೆಗಳಲ್ಲಿ ಗಿಣಿ, ನವಿಲುಗಳ ಆಕಾರಕ್ಕೆ ಕೂಡಿಸಿದ ಒಡವೆಗಳು, ಒಂದೆಡೆ ರೊಟ್ಟಿ ಸುಡುವವರು, ಇನ್ನೊಂದೆಡೆ ಜವಳಿ, ಮತ್ತೊಂದೆಡೆ ಮದ್ಯ. ಇಷ್ಟೆಲ್ಲವನ್ನೂ ನೋಡಿದ ರಾಯಭಾರಿಯು ಮರಳುವಾಗ ಕೊಂಡೊಯ್ದ ಪದಾರ್ಥವೊಂದು ಉತ್ತರ ಹಿಂದೂಸ್ಥಾನದ ಚರಿತ್ರೆಯಲ್ಲಿ ಶಾಶ್ವತವಾಗಿ ನಿಂತಿತು. ಅದು ಹೊಗೆಸೊಪ್ಪು. ಪೋರ್ತುಗೀಸರ ಹಡಗಿನಲ್ಲಿ ಬಂದು ದಖ್ಖನ್ನಿನಲ್ಲಿ ಆಗಲೇ ಬೇರೂರಿದ್ದ ಆ ಎಲೆಯನ್ನು ಅವನು ರತ್ನಖಚಿತವಾದ ಹುಕ್ಕದೊಂದಿಗೆ ಅಕಬರನ ಮುಂದಿಟ್ಟಾಗ, ಬಾದಶಹನು ಎರಡು ಮೂರು ದಮ್ಮು ಎಳೆದನೆಂದೂ, ಆಸ್ಥಾನದ ಹಕೀಮನು ಬೇಡವೆಂದು ತಡೆದನೆಂದೂ, ಬಾದಶಹನು ಬಿಟ್ಟರೂ ಸರದಾರರು ಬಿಡಲಿಲ್ಲವೆಂದೂ ಅವನೇ ಬರೆದಿದ್ದಾನೆ. ಲೋಕಕ್ಕೆ ವಿಜಾಪುರವು ಕೊಟ್ಟ ಕೊಡುಗೆಗಳಲ್ಲಿ ಇದೊಂದನ್ನು ನಮ್ಮ ಮಾರ್ಗದರ್ಶಿಗಳು ಹೇಳುವುದಿಲ್ಲ; ಹೇಳಬೇಕಾದ ಸಂಗತಿಯಂತೂ ಅಹುದು.

ಅರ್ಧ ದಿನದ ಕಾಲ್ನಡಿಗೆಯಲ್ಲಿ ಒಂದು ಹಳೆಯ ರಾಜಧಾನಿಯನ್ನು ತೋರಿಸುವ ಉದ್ಯೋಗವು ಈಗ ದೇಶದೇಶಗಳಲ್ಲಿ ಬೆಳೆದಿದೆ. ವಿಯೆಟ್ನಾಮಿನ ಹುಯೆ ನಗರವನ್ನೇ ತೆಗೆದುಕೊಳ್ಳಿ: ಅದರ ಕೋಟೆಯ ಸುತ್ತಳತೆಯು ಸುಮಾರು 10 ಕಿಲೋಮೀಟರು, ನಮ್ಮ ಕೋಟೆಯದೂ ಹೆಚ್ಚುಕಡಿಮೆ ಅಷ್ಟೇ; ಅಲ್ಲಿಯೂ ಅರಸರ ಸಮಾಧಿಗಳು ಊರ ಹೊರಗೆ, ಇಲ್ಲಿಯೂ ಕೆಲವು ಹಾಗೆಯೇ. ಅಲ್ಲಿಯ ಮಾರ್ಗದರ್ಶಿಯು ಪ್ರವಾಸಿಗಳನ್ನು ಮುಂಜಾನೆ ಕಂದಕದ ಸೇತುವೆಯ ಮೇಲೆ ನಡೆಸಿ, ಅರಮನೆಯ ಅಂಗಳಗಳಲ್ಲಿ ತಿರುಗಿಸಿ, ಮಧ್ಯಾಹ್ನದೊಳಗೆ ಸುಗಂಧ ನದಿಯ ದಂಡೆಗೆ ತಂದು ಬಿಡಬಲ್ಲನು. ಭೇದವಿರುವುದು ಆ ನದಿಯಲ್ಲಿಯೇ. ಹುಯೆಯ ಕೋಟೆಗೆ ನದಿಯು ತಾನಾಗಿ ಹತ್ತಿರವಿತ್ತು, ವಿಜಾಪುರಕ್ಕೆ ನದಿಯೆಂಬುದಿಲ್ಲ. ಕೃಷ್ಣೆಯು ದೂರ, ಡೋಣಿಯು ಬೇಸಗೆಗೆ ಬತ್ತುವಂಥದು, ಮಳೆಯು ಸಾಲದು, ನೆಲದಡಿಯಲ್ಲಿ ಕರಿಯ ಬಂಡೆ. ಇಂಥ ಬೆಂಗಾಡಿನಲ್ಲಿ ಲಕ್ಷಾಂತರ ಜನರ ಪಟ್ಟಣವೊಂದು ಎದ್ದುದು ಹೇಗೆಂಬ ಪ್ರಶ್ನೆಗೆ ಉತ್ತರವು ಗುಮ್ಮಟಗಳಲ್ಲಿ ದೊರೆಯುವುದಿಲ್ಲ, ಪಡುವಣ ದಾರಿಯಲ್ಲಿ ದೊರೆಯುತ್ತದೆ. ಆದಕಾರಣವೇ ಅರ್ಧ ದಿನ ಮಾತ್ರ ಕೈಯಲ್ಲಿರುವವನು ಆ ದಾರಿಯನ್ನು ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ.

ಹೊರಡಬೇಕಾದುದು ಉಪ್ಪಲಿ ಬುರುಜಿನಿಂದ. 1583ರ ಸುಮಾರಿನಲ್ಲಿ ಹೈದರಖಾನನು ಕಟ್ಟಿಸಿದ ಈ ಎಂಬತ್ತು ಅಡಿಯ ಕಾವಲುಗೋಪುರಕ್ಕೆ ಮೈಸುತ್ತ ಬಳಸಿಕೊಂಡು ಹೋಗುವ ಮೆಟ್ಟಿಲುಗಳುಂಟು. ನೆತ್ತಿಯ ಮೇಲೆ ಉದ್ದನೆಯ ಕಬ್ಬಿಣದ ತೋಪುಗಳುಂಟು. ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂತೆ ಅಲ್ಲಿ ನಿಂತರೆ, ನಡೆಯಬೇಕಾದ ಹಾದಿಯೆಲ್ಲವೂ ಪಶ್ಚಿಮಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಅಲ್ಲಿಂದ ಕೋಟೆಗೋಡೆಯ ಶೆರ್ಜಾ ಬುರುಜು ದೂರವಲ್ಲ. ಅದರ ಮೇಲಿರುವ ಮಲಿಕ್-ಇ-ಮೈದಾನ ತೋಪನ್ನು ವರ್ಣಿಸುವುದಕ್ಕೆ ಹೊರಟವರೆಲ್ಲ ಅದರ ತೂಕವಾದ 55 ಟನ್ನುಗಳಲ್ಲಿಯೇ ನಿಂತುಬಿಡುತ್ತಾರೆ. ನೋಡತಕ್ಕದ್ದು ಬೇರೆ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿಯೆಂಬ ಎರಕದ ಕುಶಲಿಯು ಎರೆದ ಈ ಪಂಚಲೋಹದ ಕಾಯದ ಬಾಯಿಯು ಸಿಂಹದ ಬಾಯಿ; ತೆರೆದ ದವಡೆಗಳ ನಡುವೆ ಸಿಕ್ಕಿ ನುಜ್ಜುಗುಜ್ಜಾಗುತ್ತಿರುವ ಪುಟ್ಟ ಆನೆಯ ಆಕೃತಿಯನ್ನು ಬೆರಳಿನಿಂದ ತಡವಿ ನೋಡಬಹುದು. ಸುಡುಬಿಸಿಲಿನಲ್ಲಿಯೂ ಆ ಲೋಹವು ತಣ್ಣಗಿರುತ್ತದೆಂದು ಗೈಡುಗಳು ಯಾತ್ರಿಕರ ಕೈಯನ್ನು ಅದರ ಮೇಲೆ ಇರಿಸುವುದುಂಟು. 1686ರ ಸೆಪ್ಟೆಂಬರಿನಲ್ಲಿ ನಗರವನ್ನು ಗೆದ್ದ ಔರಂಗಜೇಬನು ತನ್ನ ವಿಜಯದ ಲೇಖವನ್ನು ಇದರ ಮೇಲೆಯೇ ಕೆತ್ತಿಸಿದನು. ಮುಂದೆ 1854ರಲ್ಲಿ ಕಂಪನಿ ಸರಕಾರದ ಕಾಲಕ್ಕೆ ಇದೇ ತೋಪು ಹರಾಜಿಗೆ ಬಂದು 150 ರೂಪಾಯಿಗೆ ಹೋಯಿತು! ಯಾರಿಗೋ ಬುದ್ಧಿ ಬಂದು ಆ ಮಾರಾಟವನ್ನು ರದ್ದುಪಡಿಸಿದುದರಿಂದ ನಮಗೆ ಉಳಿಯಿತು. ಬತ್ತಿ ಹೊತ್ತಿಸಿದ ಗೋಲಂದಾಜನು ಕಿವುಡಾಗದಿರಲೆಂದು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದನೆಂಬ ಕಥೆಯನ್ನು ಇಲ್ಲಿ ಹೇಳದ ಮಾರ್ಗದರ್ಶಿಯಿಲ್ಲ. ಕೇಳಿ ಸಂತೋಷಪಡುವುದಕ್ಕೆ ಅಡ್ಡಿಯಿಲ್ಲ.

ಈ ಕಥೆಗಾರರಿಗೂ ಒಂದು ವಂಶಾವಳಿಯಿದೆ. ಗೋರಿಗಳಿಗೆ ದೀಪವಿಟ್ಟು, ಗುಡಿಸಿ, ಬಂದವರಿಗೆ ಇಂಥವನು ಇಂಥಲ್ಲಿ ಮಲಗಿದ್ದಾನೆಂದು ಹೇಳುತ್ತಿದ್ದ ಮುಜಾವರರೇ ಇಲ್ಲಿಯ ಮೊದಲ ಮಾರ್ಗದರ್ಶಿಗಳು. ಅವರ ಬಾಯಿಂದ ಕೇಳಿದುದನ್ನೂ, ಶಿಲಾಲೇಖಗಳಿಂದ ಓದಿದುದನ್ನೂ, ಅಳತೆಯ ಪಟ್ಟಿ ಹಿಡಿದು ಕಂಡುದನ್ನೂ ಕೂಡಿಸಿ, ಪ್ರಾಚ್ಯವಸ್ತು ಇಲಾಖೆಯ ಹೆನ್ರಿ ಕಸೆನ್ಸನು ವಿಜಾಪುರದ ವಾಸ್ತುಶಿಲ್ಪವನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು 1916ರಲ್ಲಿ ಹೊರತಂದನು. ಇಂದಿನ ಗೈಡಿನ ಬಾಯಲ್ಲಿ ಇವರೆಲ್ಲರೂ ಒಟ್ಟಿಗೆ ಮಾತಾಡುತ್ತಾರೆ.

ಮಕ್ಕಾ ದರ್ವಾಜೆಯ ಬಳಿಯಲ್ಲಿ ತಾಜ್ ಬಾವಡಿ. 1620ರಲ್ಲಿ ಇಬ್ರಾಹಿಮನ ರಾಣಿ ತಾಜ್ ಸುಲ್ತಾನೆಯ ಹೆಸರಿನಲ್ಲಿ ಮಲಿಕ್ ಸಂದಲನು ಕಟ್ಟಿಸಿದುದೆಂದು ಹೇಳುವ ಈ ಜಲಾಶಯದ ಮುಂಭಾಗದಲ್ಲಿ 35 ಅಡಿ ಅಗಲದ ಭವ್ಯವಾದ ಕಮಾನು, ಅದರ ಎರಡು ಮಗ್ಗುಲಿಗೆ ಅಷ್ಟಕೋನದ ಗೋಪುರಗಳು. ಕಮಾನಿನಡಿಯಿಂದ ಮೆಟ್ಟಿಲಿಳಿದರೆ ಇನ್ನೂರಕ್ಕೂ ಮಿಕ್ಕಿದ ಅಡಿಗಳ ಚೌಕದಲ್ಲಿ ನೀರು. ದೂರದಿಂದ ಬಂದ ಪಾಂಥನು ದರ್ವಾಜೆಯನ್ನು ದಾಟಿದೊಡನೆ ಅವನ ಕಣ್ಣಿಗೆ ಬೀಳಬೇಕಾದುದು ಅರಮನೆಯಲ್ಲ, ಕುಡಿಯುವ ನೀರು ಎಂದು ಯೋಚಿಸಿದ ಕಾಲವದು. ನಡುವಣ ಶತಮಾನದಲ್ಲಿ ಕಸವೂ ಪಾಚಿಯೂ ತುಂಬಿ, ಗಣೇಶನ ವಿಸರ್ಜನೆಗೂ ಬಟ್ಟೆ ಒಗೆಯುವುದಕ್ಕೂ ಮೀಸಲಾಗಿದ್ದ ಈ ಬಾವಡಿಯ ಹೂಳನ್ನು ಈಚಿನ ವರ್ಷಗಳಲ್ಲಿ ಎತ್ತಿಸಿದ್ದು ಶ್ಲಾಘ್ಯವಾದ ಕೆಲಸ.

ಆದರೆ ಬಾವಡಿಗಳು ಈ ವ್ಯವಸ್ಥೆಯ ಕಣ್ಣಿಗೆ ಕಾಣುವ ಭಾಗ ಮಾತ್ರ. ಪಟ್ಟಣಕ್ಕೆ ಪಶ್ಚಿಮದಲ್ಲಿ ಕೆಲವು ಕಿಲೋಮೀಟರು ದೂರದ ತೊರವಿಯ ಒರತೆಗಳ ನೀರನ್ನು, ನೆಲದಡಿಯಲ್ಲಿ ಬಂಡೆಯನ್ನು ಕೊರೆದ ಸುರಂಗದ ಮೂಲಕ, ಯಾವ ಯಂತ್ರದ ಸಹಾಯವೂ ಇಲ್ಲದೆ ಕೇವಲ ಇಳಿಜಾರಿನ ಲೆಕ್ಕದಿಂದ ನಗರಕ್ಕೆ ತರುತ್ತಿದ್ದರು. ಪಾರಸಿಕ ದೇಶದ ಕರೇಜುಗಳ ವಿದ್ಯೆಯಿದು. ಬೀದರಿನಲ್ಲಿಯೂ ಇದನ್ನು ಕಾಣಬಹುದು. ಸುರಂಗವನ್ನು ತೋಡುವುದಕ್ಕೂ, ಮುಂದೆ ಹೂಳು ತೆಗೆಯುವುದಕ್ಕೂ ಅನುಕೂಲವಾಗಲೆಂದು ಅಲ್ಲಲ್ಲಿ ನೆಲದ ಮಟ್ಟದವರೆಗೆ ಬಾವಿಗಳನ್ನು ತೆರೆದಿದ್ದರು. ಗಾಳಿಯೂ ಬೆಳಕೂ ಒಳಗಿಳಿಯುತ್ತಿದ್ದುದು ಅವುಗಳಿಂದಲೇ. ಪಟ್ಟಣದೊಳಗೆ ನೀರನ್ನು ಹಂಚುತ್ತಿದ್ದುದು ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು. ಅವುಗಳ ಹಾದಿಯಲ್ಲಿ ಗಂಜ್ ಎಂದು ಕರೆಯುವ ಕಲ್ಲಿನ ಗೋಪುರಗಳನ್ನು ಎಬ್ಬಿಸಿ, ನೀರು ಅವುಗಳೊಳಗೆ ಏರಿ, ಒತ್ತಡ ಕಳೆದು, ಕೆಸರು ತಳಕ್ಕಿಳಿದು, ತಿಳಿಯಾಗಿ ಮುಂದಕ್ಕೆ ಹೋಗುವಂತೆ ಏರ್ಪಡಿಸಿದ್ದರು. ಮುಂದೆ ಮಹಮ್ಮದ್ ಆದಿಲಶಹನು 1651ರಲ್ಲಿ ದಕ್ಷಿಣಕ್ಕೆ ಬೇಗಂ ತಲಾಬನ್ನು ಕಟ್ಟಿಸಿ ಈ ಜಾಲವನ್ನು ಬೆಳೆಸಿದನು. ಬಬಲೇಶ್ವರ ಸೀಮೆಯ ಮಮದಾಪುರದ ಕೆರೆಯೂ ಅವನದೇ. ಗೋಳಗುಮ್ಮಟವನ್ನು ಎತ್ತಿದ ಅರಸನೆಂದು ಅವನನ್ನು ನೆನೆಯುವವರು ಈ ಕೆರೆಗಳನ್ನು ಮರೆಯುವುದು ನ್ಯಾಯವಲ್ಲ.

ದರ್ವಾಜೆಯನ್ನು ದಾಟಿದರೆ ಇಬ್ರಾಹಿಂ ರೋಜಾ. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಗೋರಿಯ ಮಂದಿರವೊಂದು, ಮಸೀದಿಯೊಂದು, ನಡುವೆ ಕೊಳ. ರಾಣಿಗಾಗಿ ಆರಂಭವಾದ ಈ ಕಟ್ಟಡದಲ್ಲಿ 1627ರಲ್ಲಿ ಮೊದಲು ಮಲಗಬೇಕಾಗಿ ಬಂದವನು ಅರಸನೆಂದು ಹೇಳುವರು. ತಾಜಮಹಲಿಗೆ ಇದೇ ಸ್ಫೂರ್ತಿಯೆಂದು ಹೇಳಿ ಯಾತ್ರಿಕರನ್ನು ಉಬ್ಬಿಸುವ ಪದ್ಧತಿ ಇಲ್ಲಿದೆ. ಇಂಥ ಕಟ್ಟಡಕ್ಕೆ ಆಗ್ರಾದ ಶಿಫಾರಸಿನ ಅಗತ್ಯವೇನೂ ಇಲ್ಲ. ಗೋರಿಯ ಕೋಣೆಯ ಕಿಟಕಿಗಳ ಎದುರು ಕೊಂಚ ಹೊತ್ತು ನಿಲ್ಲಿರಿ: ಅವುಗಳ ಜಾಲಂದ್ರವೇ ಅಕ್ಷರ, ಕುರಾನಿನ ವಾಕ್ಯಗಳನ್ನು ಕಲ್ಲಿನಲ್ಲಿ ಬಿಡಿಸಿ, ಅಕ್ಷರಗಳ ಸಂದಿನ ಕಲ್ಲನ್ನು ತೆಗೆದುಹಾಕಿದ್ದರಿಂದ, ಬೆಳಕು ಒಳಗೆ ಬರಬೇಕಾದರೆ ಬರಹದ ಸಂದುಗಳಲ್ಲಿಯೇ ನುಸುಳಿ ಬರಬೇಕು. ಹೊರಗೆ ಸೂರಿನ ಕೆಳಗೆ ಕಲ್ಲಿನ ಸರಪಳಿಗಳು ತೂಗುತ್ತವೆ. ಚಾಲುಕ್ಯರ ಕಾಲದಿಂದ ಈ ನೆಲದ ಕಲ್ಲುಕುಟಿಗರ ಕೈಯಲ್ಲಿ ಉಳಿದುಬಂದ ಚಳಕವು ಧಣಿಗಳು ಬದಲಾದರೂ ಬದಲಾಗಲಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಇಲ್ಲಿಗೆ ಸಾಮಾನ್ಯ ಯಾತ್ರಿಕನ ನಡಿಗೆ ಮುಗಿಯುತ್ತದೆ. ನಮ್ಮದು ಅಥಣಿ ರಸ್ತೆಯಲ್ಲಿ ಮುಂದುವರಿಯತಕ್ಕದ್ದು. ರಸ್ತೆಯ ಆಚೀಚೆ ಹೊಸ ಬಡಾವಣೆಗಳು, ನಡುನಡುವೆ ಜೋಳದ ಹೊಲಗಳ ತುಣುಕುಗಳು, ಅವುಗಳ ನಡುವೆ ಯಾರದೆಂದು ತಿಳಿಯದ ಗುಮ್ಮಟಗಳು. ಈ ಸೀಮೆಯ ಸಾಠಕಬರಿನ ಕಥೆಯನ್ನು ಎಲ್ಲರೂ ಬಲ್ಲರು: 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫಜಲಖಾನನು, ತಾನು ಮರಳಿ ಬರುವುದಿಲ್ಲವೆಂದು ಜ್ಯೋತಿಷಿಗಳಿಂದ ತಿಳಿದು, ತನ್ನ ಅರುವತ್ತಕ್ಕೂ ಮಿಕ್ಕ ಪತ್ನಿಯರನ್ನು ಕೊಲ್ಲಿಸಿ ಇಲ್ಲಿ ಹೂಳಿಸಿದನಂತೆ. ಸಾಲುಸಾಲಾಗಿ ಒಂದೇ ಅಚ್ಚಿನ ಗೋರಿಗಳು ಕಣ್ಣೆದುರಿಗಿರುವುದರಿಂದ ಕಥೆಯು ಬಲವಾಗಿ ನಾಟುತ್ತದೆ. ಆದರೆ ಗೋರಿಗಳು ತಮ್ಮ ಸಂಖ್ಯೆಯನ್ನಷ್ಟೆ ಹೇಳಬಲ್ಲವು, ಕಾರಣವನ್ನಲ್ಲ. ಈ ಕಥೆಯನ್ನು ಐತಿಹ್ಯದ ಪಾತಳಿಯ ಮೇಲೆ ಇಡುವುದೇ ಲೇಸು.

ತೊರವಿಯಲ್ಲಿ ಎರಡು ಇತಿಹಾಸಗಳು ಒಂದರ ಮೇಲೊಂದು ಕುಳಿತಿವೆ. ಹಳೆಯದು ನರಸಿಂಹನದು. ಇಲ್ಲಿಯ ದೇವರ ಅಂಕಿತದಲ್ಲಿ ಕುಮಾರ ವಾಲ್ಮೀಕಿಯು ಭಾಮಿನಿ ಷಟ್ಪದಿಯಲ್ಲಿ ರಾಮಕಥೆಯನ್ನು ಹಾಡಿ, ಆ ಕಾವ್ಯಕ್ಕೆ ಊರಿನ ಹೆಸರನ್ನೇ ಶಾಶ್ವತವಾಗಿ ಅಂಟಿಸಿಬಿಟ್ಟನು; ತೊರವೆ ರಾಮಾಯಣವನ್ನು ಗಮಕಿಗಳ ಬಾಯಿಂದ ಕೇಳಿದ ಎಷ್ಟೋ ಮಂದಿ ದಕ್ಷಿಣದ ಕನ್ನಡಿಗರಿಗೆ ಆ ತೊರವೆಯು ಗೋಳಗುಮ್ಮಟದಿಂದ ಒಂದು ಮುಂಜಾನೆಯ ನಡಿಗೆಯಷ್ಟು ದೂರವೆಂಬುದು ಹೊಳೆದಿರಲಾರದು. ಹೊಸದು ಇಬ್ರಾಹಿಮನ ನವರಸಪುರ. ಸರಸ್ವತಿಯನ್ನು ಸ್ತುತಿಸಿ ದಖನಿಯಲ್ಲಿ ಗೀತಗಳನ್ನು ರಚಿಸಿದ, ಜಗದ್ಗುರುವೆಂದು ಕರೆಯಿಸಿಕೊಂಡ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮೆರೆಸಿದ ಆ ಅರಸನು 1599ರಲ್ಲಿ ಸಂಗೀತಕ್ಕಾಗಿಯೇ ಒಂದು ನಗರವನ್ನು ಇಲ್ಲಿ ಕಟ್ಟಲು ತೊಡಗಿದನು. ನೀರಿನ ಮೂಲವು ಇಲ್ಲಿಯೇ ಇದ್ದುದೂ ಈ ಆಯ್ಕೆಗೆ ಒಂದು ಕಾರಣವಾಗಿದ್ದೀತು. ಕಾಲು ಶತಮಾನ ತುಂಬುವಷ್ಟರಲ್ಲಿ, 1624ರಲ್ಲಿ, ಅಹಮದನಗರದ ಮಲಿಕ್ ಅಂಬರನು ದಂಡೆತ್ತಿ ಬಂದು, ಕೋಟೆಯ ಒಳಗಿನ ರಾಜಧಾನಿಯನ್ನು ಮುಟ್ಟಲಾರದೆ, ಈ ಹಾಡಿನ ಊರನ್ನು ಸೂರೆಗೊಂಡು ಹಾಳುಗೆಡವಿದನು. ಸಂಗೀತ ಮಹಲಿನ ಎತ್ತರದ ಕಮಾನು ಇಂದಿಗೂ ನಿಂತಿದೆ. ಪಟ್ಟಣದೊಳಗಿನ ಗಗನಮಹಲನ್ನು ನೋಡಿದವರಿಗೆ ಅದರ ಪ್ರತಿರೂಪವೆಂದು ತೋರುವುದು. ಅನತಿದೂರದಲ್ಲಿ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವು ಎದ್ದಿದೆ. ಹಾಳೂರಿನ ನೆರೆಯಲ್ಲಿ ಹೆಣ್ಣುಮಕ್ಕಳ ಓಡಾಟ ತುಂಬಿರುವುದು ಸಂತೋಷದ ವಿಷಯ.

ಅಲ್ಲಿಂದ ಮುಂದೆ ರಸ್ತೆಯು ತಿಕೋಟೆಯ ದ್ರಾಕ್ಷಿತೋಟಗಳ ನಡುವೆ ಅಥಣಿಗೆ ಹೋಗುತ್ತದೆ. ಕಾಲ್ನಡಿಗೆಯವನಿಗೆ ತೊರವಿಯೇ ಸಾಕು. ಹೋಗುವವರು ಚಳಿಗಾಲದಲ್ಲಿ, ಸೂರ್ಯೋದಯಕ್ಕೆ ಹೊರಟು ಹೋಗುವುದು ಒಳಿತು. ಜೊತೆಗೆ ಊರಿನ ಗೈಡೊಬ್ಬನನ್ನು ಕರೆದುಕೊಂಡು ಹೋಗಿ, ಗುಮ್ಮಟಗಳ ಕಥೆ ಮುಗಿದ ಮೇಲೆ ಸುರಂಗದ ಬಾವಿಗಳು ಎಲ್ಲಿವೆಯೆಂದು ಅವನನ್ನು ಕೇಳಬೇಕು. ಕೇಳುವವರಿದ್ದರೆ ತೋರಿಸುವವರು ತಾವಾಗಿ ಹುಟ್ಟುತ್ತಾರೆ. ಆಳುವವರಲ್ಲಿಯೂ ಒಂದು ಬಿನ್ನಹವುಂಟು: ಅಥಣಿ ರಸ್ತೆಯ ಮಗ್ಗುಲಿನ ಹೊಲಗಳು ಒಂದೊಂದಾಗಿ ನಿವೇಶನಗಳಾಗುತ್ತಿರುವ ಈ ದಿನಗಳಲ್ಲಿ, ಉಳಿದಿರುವ ಆ ಬಾವಿಗಳನ್ನು ಗುರುತಿಸಿ, ಪ್ರತಿಯೊಂದರ ಬಳಿಯೂ ಕಲ್ಲು ನೆಟ್ಟು, ನಕ್ಷೆಯಲ್ಲಿ ಸೇರಿಸಿ, ಮಣ್ಣು ತುಂಬಿ ಮುಚ್ಚದಂತೆ ಕೂಡಲೆ ಕಾಪಾಡಬೇಕು.