ಕಡೂರಿನ ಬೀದಿಯಿಂದ ಡರ್ಬಿಯ ಮೈದಾನಕ್ಕೆ

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಪಾಳೆಯಗಾರರಿಗೆ ಸ್ಥಳವಿದೆ, ಕೆರೆ ಕಟ್ಟಿಸಿದವರಿಗೆ, ಗುಡಿ ಎತ್ತಿಸಿದವರಿಗೆ ಸ್ಥಳವಿದೆ. ಶಾಲೆಯ ಆಟದ ಬಯಲಿಗೆ ಮಾತ್ರ ಸ್ಥಳವಿಲ್ಲ. ಅದರಲ್ಲೂ ಹೆಣ್ಣುಮಕ್ಕಳ ಆಟದ ಚರಿತ್ರೆ ಬಹುಮಟ್ಟಿಗೆ ಬಹುಮಾನದ ಸ್ಟೀಲ್ ಲೋಟಗಳ ಮೇಲೆ ಕೊರೆದ ಅಕ್ಷರಗಳಲ್ಲಿ ಉಳಿದಿದೆ. ಆ ಲೋಟಗಳು ಮುಂದೆ ಯಾರದೋ ಅಡುಗೆಮನೆಯ ನಾಗಂದಿಗೆಯ ಮೇಲೆ ಕುಳಿತು ಮಸುಕಾಗುತ್ತವೆ. ಓದುಗ ಮಿತ್ರರೇ, ಇಂದು ನಾನು ಬರೆಯಹೊರಟಿರುವುದು ಅಂಥ ಬಯಲಿನಿಂದ ಮೇಲೆದ್ದು ಬಂದ ಒಬ್ಬ ಹೆಣ್ಣುಮಗಳ ವಿಚಾರ. ಜೊತೆಗೆ, ಅವಳಂತೆ ಏಳಬಹುದಾಗಿದ್ದ ಎಷ್ಟೋ ಮಕ್ಕಳು ಏಕೆ ಏಳಲಿಲ್ಲ ಎಂಬ ವಿಚಾರವನ್ನೂ ಕೂಡಿಯೇ ಹೇಳಬೇಕಾಗಿದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಚನ್ನಗಿರಿಯದು ಅಡಿಕೆ ತೋಟಗಳ ಮತ್ತು ಸೂಳೆಕೆರೆಯ ಸೀಮೆ. ಹೊನ್ನಾಳಿಯದು ತುಂಗಭದ್ರೆಯ ದಡ. ನ್ಯಾಮತಿ ಇತ್ತೀಚಿನ ವರ್ಷಗಳಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕೆನಿಸಿಕೊಂಡದ್ದು. ಜಗಳೂರಾದರೋ ಮಳೆಯ ದಾರಿ ಕಾಯುವ ಬಯಲು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟುವ ಮೊದಲು ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಇಷ್ಟು ಭೇದವಿದ್ದರೂ ಹೋಬಳಿ ಮಟ್ಟದ ಕ್ರೀಡಾಕೂಟದ ದಿನ ಈ ಊರುಗಳೆಲ್ಲ ಒಂದೇ ರೀತಿ ಕಾಣುತ್ತಿದ್ದವು. ಸುಣ್ಣದ ಗೆರೆ, ಮೈಕಿನ ಕಿರುಚಾಟ, ಖೊ ಖೊ ಕಂಬಗಳ ನಡುವೆ ಬರಿಗಾಲಿನಲ್ಲಿ ಓಡುವ ಹುಡುಗಿಯರು.

ಆ ಓಟವನ್ನು ಸೇವೆಯ ಉದ್ದಕ್ಕೂ ನೋಡಿದವನಾಗಿ ಹೇಳುತ್ತೇನೆ, ಪ್ರತಿಭೆಗೆ ಇಲ್ಲಿ ಎಂದೂ ಬರವಿರಲಿಲ್ಲ. ಎಂಟನೆಯ ತರಗತಿಯ ಒಬ್ಬ ಹುಡುಗಿ ಎಸೆದ ಚೆಂಡು ಅಂಗಳದ ಈ ತುದಿಯಿಂದ ಹೊರಟು ಆ ತುದಿಯ ಹುಣಿಸೆಮರಕ್ಕೆ ನೇರವಾಗಿ ಬಡಿದದ್ದನ್ನು ಕಂಡು ನಮ್ಮ ಡ್ರಿಲ್ ಮೇಷ್ಟ್ರು ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು. ಆಕೆ ಹೋಬಳಿಯಲ್ಲಿ ಗೆದ್ದಳು, ತಾಲ್ಲೂಕಿನಲ್ಲಿ ಗೆದ್ದಳು, ಜಿಲ್ಲೆಗೂ ಹೋಗಿ ಬಂದಳು. ಎಸ್.ಎಸ್.ಎಲ್.ಸಿ. ಮುಗಿದ ವರ್ಷವೇ ಮದುವೆಯಾಯಿತು. ಯಾರನ್ನೂ ದೂರುವಂತಿಲ್ಲ, ಜಿಲ್ಲಾ ಮಟ್ಟ ದಾಟಿದ ಮೇಲೆ ಮಗಳು ಎಲ್ಲಿ ಉಳಿಯಬೇಕು, ಯಾರು ಕಲಿಸಬೇಕು, ಅದರಿಂದ ಬದುಕಿಗೇನು ಎಂಬ ತಂದೆಯ ಮೂರು ಪ್ರಶ್ನೆಗಳಿಗೆ ಶಾಲೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮೆಟ್ಟಿಲು ಅಲ್ಲಿಗೆ ಮುಗಿದಿತ್ತು.

ಈ ಮೂರು ಪ್ರಶ್ನೆಗಳಿಗೆ ಒಂದು ಕುಟುಂಬ ತನ್ನದೇ ರೀತಿಯಲ್ಲಿ ಉತ್ತರ ಕಂಡುಕೊಂಡ ಕಥೆ ನಮ್ಮ ನೆರೆಯ ಕಡೂರಿನಲ್ಲಿ ನಡೆಯಿತು. ಚನ್ನಗಿರಿಯಿಂದ ತರೀಕೆರೆಯನ್ನು ಹಾಯ್ದು ಹೋದರೆ ಕಡೂರು ದೂರವೇನಲ್ಲ. ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದರೂ ಅದು ಕಾಫಿಯ ನಾಡಲ್ಲ. ತೆಂಗಿನ ತೋಟಗಳ, ಒಣಭೂಮಿಯ ಊರು. ವೇದಾ ಕೃಷ್ಣಮೂರ್ತಿ ಹುಟ್ಟಿದ್ದು 1992ರ ಅಕ್ಟೋಬರ್ 16ರಂದು. ನಾಲ್ವರು ಮಕ್ಕಳಲ್ಲಿ ಕೊನೆಯವಳು. ಮೂರನೆಯ ವಯಸ್ಸಿಗೇ ಕರಾಟೆ ತರಗತಿಗೆ ಸೇರಿ, ಹನ್ನೆರಡರ ಹೊತ್ತಿಗೆ ಕಪ್ಪು ಬೆಲ್ಟ್ ಪಡೆದ ಬಾಲಕಿ. ಆದರೆ ಮನಸ್ಸು ಇದ್ದದ್ದು ಬೀದಿಯ ಕ್ರಿಕೆಟ್ಟಿನಲ್ಲಿ, ಹುಡುಗರ ನಡುವೆ. 2005ರಲ್ಲಿ ಆಕೆ ಬೆಂಗಳೂರಿಗೆ ಬಂದು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ ಎಂಬ ತರಬೇತಿ ಸಂಸ್ಥೆಯನ್ನು ಸೇರಿದಳು. ಅಲ್ಲಿನ ಗುರು ಇರ್ಫಾನ್ ಸೇಠ್ ಅವರು ಆ ಕೈಗಳಲ್ಲಿದ್ದ ಕಸುವನ್ನು ಗುರುತಿಸಿದರು.

ಬೆಂಗಳೂರನ್ನು ಸೇರಿದ್ದೇ ಏಕೆ ಮುಖ್ಯವಾಯಿತೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಭಾರತದ ಮಹಿಳಾ ಕ್ರಿಕೆಟ್ ಸಂಸ್ಥೆ ಸ್ಥಾಪಿತವಾದದ್ದು 1973ರಲ್ಲಿ. ಆ ವರ್ಷ ಪುಣೆಯಲ್ಲಿ ನಡೆದ ಮೊದಲ ಅಂತರರಾಜ್ಯ ಪಂದ್ಯಾವಳಿಗೆ ಬಂದ ತಂಡಗಳು ಮೂರೇ: ಮುಂಬಯಿ, ಮಹಾರಾಷ್ಟ್ರ ಮತ್ತು ಉತ್ತರ ಪ್ರದೇಶ. ಮೂರು ವರ್ಷ ಕಳೆಯುವಷ್ಟರಲ್ಲಿ, 1976ರ ಅಕ್ಟೋಬರ್ 31ರಂದು, ಭಾರತದ ಮಹಿಳೆಯರು ತಮ್ಮ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸ್ ವಿರುದ್ಧ ಆಡಿದ್ದು ನಮ್ಮ ಬೆಂಗಳೂರಿನಲ್ಲಿಯೇ. ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಗೆಲುವು ಬಂತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ ಅವರು 108 ರನ್ ಹೊಡೆದರು. ಟೆಸ್ಟಿನಲ್ಲಿ ಭಾರತೀಯ ಮಹಿಳೆಯ ಮೊದಲ ಶತಕ ಅದು.

ಕೀರ್ತಿ ಇಷ್ಟಿದ್ದರೂ ಬೊಕ್ಕಸ ಬರಿದಾಗಿತ್ತು. ಆ ಪೀಳಿಗೆಯ ಆಟಗಾರ್ತಿಯರು ರೈಲಿನ ಕಾಯ್ದಿರಿಸದ ಬೋಗಿಗಳಲ್ಲಿ ಕುಳಿತು ಹೋಗಿ, ಎಲ್ಲರಿಗೂ ಸೇರಿ ಕೊಟ್ಟ ಒಂದೇ ಕೋಣೆಯ ನೆಲದ ಮೇಲೆ ಮಲಗಿ, ಕೈಯಿಂದ ಖರ್ಚು ಹಾಕಿ ದೇಶಕ್ಕಾಗಿ ಆಡಿದವರು. 1986ರ ಇಂಗ್ಲೆಂಡ್ ಪ್ರವಾಸದ ಬಳಿಕ 1991ರವರೆಗೆ ಭಾರತದ ಮಹಿಳೆಯರು ಒಂದೇ ಒಂದು ಟೆಸ್ಟ್ ಆಡಲಿಲ್ಲ. 1988ರ ವಿಶ್ವಕಪ್‌ಗೂ ಹೋಗಲಿಲ್ಲ. ಐದು ವರ್ಷ ಎಂದರೆ ಒಬ್ಬ ಆಟಗಾರ್ತಿಯ ಯೌವನದ ಅರ್ಧ. ಹಾಗೆ ಬಾಗಿಲು ಕಾಯುತ್ತಲೇ ಮುಪ್ಪಾದ ಪ್ರತಿಭೆಗಳ ಲೆಕ್ಕ ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ.

2006ರಲ್ಲಿ ಮಹಿಳಾ ಕ್ರಿಕೆಟ್ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ತೆಕ್ಕೆಗೆ ಬಂತು. ಅಂದರೆ ವೇದಾ ಬೆಂಗಳೂರಿಗೆ ಬಂದ ಮರುವರ್ಷ. ಇದನ್ನು ಗಮನಿಸಬೇಕು. ಆಕೆ ಹತ್ತು ವರ್ಷ ಮೊದಲು ಹುಟ್ಟಿದ್ದರೆ ಅದೇ ಕೈ, ಅದೇ ಕಸುವು ಇದ್ದೂ ದಾರಿ ಬೇರೆಯಾಗಿರುತ್ತಿತ್ತು. ಕುಟುಂಬ ಕೈಯಾರೆ ಕೆಳಗಿನ ಮೆಟ್ಟಿಲನ್ನು ಕಟ್ಟಿಕೊಟ್ಟ ಹೊತ್ತಿಗೆ ಸರಿಯಾಗಿ ಮೇಲಿನ ಮೆಟ್ಟಿಲು ತಯಾರಾಗುತ್ತಿತ್ತು.

2011ರ ಜೂನ್ 30ರಂದು, ಹದಿನೆಂಟರ ವಯಸ್ಸಿನಲ್ಲಿ, ವೇದಾ ಇಂಗ್ಲೆಂಡಿನ ಡರ್ಬಿ ಮೈದಾನದಲ್ಲಿ ಆತಿಥೇಯರ ವಿರುದ್ಧವೇ ಮೊದಲ ಏಕದಿನ ಪಂದ್ಯ ಆಡಿ 51 ರನ್ ಗಳಿಸಿದರು. ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಎಂಬ ಮಾತು ನೆನಪಾಗುವುದು ಸಹಜ. ಆದರೆ ಮೊಳಕೆಗೆ ಆಮೇಲೆಯೂ ನೀರು ಬೇಕು. ನಡುವೆ ತಂಡದಿಂದ ಹೊರಗುಳಿದ ಕಾಲವೂ ಇತ್ತು. ದೇಶೀಯ ಪಂದ್ಯಗಳಲ್ಲಿ ಆಡುತ್ತಲೇ ಮತ್ತೆ ಒಳಗೆ ಬಂದರು.

2017ರ ವಿಶ್ವಕಪ್ಪಿನಲ್ಲಿ, ಜುಲೈ 15ರಂದು, ಮತ್ತದೇ ಡರ್ಬಿ. ನ್ಯೂಜಿಲೆಂಡನ್ನು ಸೋಲಿಸಿದರಷ್ಟೇ ಸೆಮಿಫೈನಲ್. ನಾಯಕಿ ಮಿತಾಲಿ ರಾಜ್ 109 ರನ್ನುಗಳ ತಾಳ್ಮೆಯ ಇನಿಂಗ್ಸ್ ಕಟ್ಟುತ್ತಿದ್ದಾಗ, ಇನ್ನೊಂದು ತುದಿಯಲ್ಲಿ ಕಡೂರಿನ ಹುಡುಗಿ 45 ಎಸೆತಗಳಲ್ಲಿ 70 ರನ್ ಚಚ್ಚಿದರು. ಭಾರತದ ಮೊತ್ತ 265. ಅನಂತರ ಚೆಂಡು ಹಿಡಿದವರು ವಿಜಯಪುರದ ರಾಜೇಶ್ವರಿ ಗಾಯಕವಾಡ. ಆ ವಿಶ್ವಕಪ್ಪಿನಲ್ಲಿ ಅವರಿಗೆ ಅದೇ ಮೊದಲ ಪಂದ್ಯ. 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಕುಸಿಯಿತು. ಬ್ಯಾಟಿನಲ್ಲಿ ಬಯಲುಸೀಮೆಯಂಚಿನ ಒಂದು ತಾಲ್ಲೂಕು ಕೇಂದ್ರ, ಚೆಂಡಿನಲ್ಲಿ ಉತ್ತರ ಕರ್ನಾಟಕದ ಒಂದು ಊರು: ಅಂದು ಭಾರತವನ್ನು ಸೆಮಿಫೈನಲ್ಲಿಗೆ ಕೊಂಡೊಯ್ದದ್ದರಲ್ಲಿ ರಾಜಧಾನಿಯಾಚೆಯ ಕರ್ನಾಟಕದ ಪಾಲು ದೊಡ್ಡದು. ಜುಲೈ 23ರಂದು ಲಾರ್ಡ್ಸ್‌ನಲ್ಲಿ ನಡೆದ ಫೈನಲ್ ಪಂದ್ಯವನ್ನು ಇಂಗ್ಲೆಂಡಿಗೆ 9 ರನ್ನುಗಳಿಂದ ಕಳೆದುಕೊಂಡೆವು. 3 ವಿಕೆಟ್ಟಿಗೆ 191 ಇದ್ದ ಮೊತ್ತ 219ಕ್ಕೆ ಮುಗಿದುಹೋದ ಆ ಸಂಜೆಯ ಸಂಕಟವನ್ನು ನೋಡಿದವರು ಮರೆತಿರಲಾರರು. ಅಲ್ಲಿಯೂ ವೇದಾ ಅವರದು 35 ರನ್ನುಗಳ ಹೋರಾಟ.

2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ ನಡೆದ ಟಿ-20 ವಿಶ್ವಕಪ್ ಫೈನಲ್ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಅಂದು ನೆರೆದಿದ್ದ ಪ್ರೇಕ್ಷಕರು 86,174. ಮರುವರ್ಷ ಕೊರೊನಾದ ಎರಡನೆಯ ಅಲೆಯಲ್ಲಿ ಅವರು ಕೆಲವೇ ದಿನಗಳ ಅಂತರದಲ್ಲಿ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡರು. ಆ ದುಃಖವನ್ನು ನುಂಗಿಕೊಂಡು ಮತ್ತೆ ದೇಶೀಯ ಕ್ರಿಕೆಟ್ಟಿಗೆ ಮರಳಿದರು. 2025ರ ಜುಲೈನಲ್ಲಿ ನಿವೃತ್ತಿ ಘೋಷಿಸಿದಾಗ ಅವರ ಹೆಸರಿನಲ್ಲಿ 48 ಏಕದಿನ ಮತ್ತು 76 ಟಿ-20 ಪಂದ್ಯಗಳಿದ್ದವು.

ಈಗ ದೂರದ ಜಪಾನಿನತ್ತ ಒಮ್ಮೆ ನೋಡೋಣ. ಆಟ ಬೇರೆ, ಫುಟ್‌ಬಾಲ್. ಆದರೆ ಪಾಠ ಅದೇ. 1980ರ ಆರಂಭದಲ್ಲಿ ಕೋಳಿಕ್ಕೋಡಿನಲ್ಲಿ ನಡೆದ ಏಷ್ಯಾ ಮಹಿಳಾ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಪಡೆಯಿತು. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರನೆಯ ಸ್ಥಾನ. ಜಪಾನ್ ತನ್ನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದ್ದು ಅದೇ ಹಾಂಗ್‌ಕಾಂಗ್ ಪಂದ್ಯಾವಳಿಯಲ್ಲಿ. ಗುಂಪು ಹಂತದಲ್ಲಿಯೇ ಹೊರಬಿತ್ತು. ಆಗ ಮುಂದಿದ್ದವರು ನಾವು!

ಜಪಾನೀಯರು 1989ರಲ್ಲಿ ಮಹಿಳೆಯರಿಗಾಗಿ ರಾಷ್ಟ್ರೀಯ ಲೀಗ್ ಒಂದನ್ನು ಆರಂಭಿಸಿದರು. ಟೋಕಿಯೋ ಬಳಿಯ ಫುಚುವಿನಲ್ಲಿ 1978ರಲ್ಲಿ ಹುಟ್ಟಿದ ಹೊಮಾರೆ ಸಾವಾ ಎಂಬ ಬಾಲಕಿಯೂ ನಮ್ಮ ವೇದಾಳಂತೆಯೇ ಹುಡುಗರ ಜೊತೆ ಆಡಿ ಬೆಳೆದವಳು. ಆದರೆ ಹನ್ನೆರಡನೆಯ ವಯಸ್ಸಿಗೆ ಅವಳ ಮುಂದೆ ಲೀಗ್ ಸಿದ್ಧವಾಗಿತ್ತು. ಯೊಮಿಯುರಿ ಬೆಲೆಜಾ ತಂಡದಲ್ಲಿ ದೊಡ್ಡವರ ನಡುವೆ ಕಣಕ್ಕಿಳಿದಳು. ಹದಿನೈದಕ್ಕೆ ದೇಶದ ತಂಡ. ಫಿಲಿಪ್ಪೀನ್ಸ್ ವಿರುದ್ಧದ ಮೊದಲ ಪಂದ್ಯದಲ್ಲಿಯೇ ನಾಲ್ಕು ಗೋಲು. ಮುಂದೆ 1995ರಿಂದ 2015ರವರೆಗೆ ಆರು ವಿಶ್ವಕಪ್‌ಗಳಲ್ಲಿ ಆಡಿದರು.

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿ ಜಪಾನನ್ನು ತತ್ತರಿಸುವಂತೆ ಮಾಡಿದ ನಾಲ್ಕು ತಿಂಗಳಿಗೆ, ಜುಲೈ 17ರಂದು, ಫ್ರಾಂಕ್‌ಫರ್ಟ್‌ನಲ್ಲಿ ವಿಶ್ವಕಪ್ ಫೈನಲ್. ಎದುರಾಳಿ ಅಮೆರಿಕ. ಹೆಚ್ಚುವರಿ ಆಟದ 117ನೆಯ ನಿಮಿಷದಲ್ಲಿ ಸಾವಾ ಹೊಡೆದ ಗೋಲಿನಿಂದ ಪಂದ್ಯ 2-2 ಸಮವಾಯಿತು. ಪೆನಾಲ್ಟಿಗಳಲ್ಲಿ ಜಪಾನ್ ಗೆದ್ದಿತು. ಪಂದ್ಯಾವಳಿಯ ಅತಿ ಹೆಚ್ಚು ಗೋಲುಗಳೂ ಶ್ರೇಷ್ಠ ಆಟಗಾರ್ತಿಯ ಗೌರವವೂ ಸಾವಾ ಅವರ ಪಾಲಾದವು. 1981ರಲ್ಲಿ ನಮಗಿಂತ ಹಿಂದಿದ್ದ ದೇಶ ಮೂವತ್ತೇ ವರ್ಷಗಳಲ್ಲಿ ಜಗತ್ತಿನ ತುದಿಗೇರಿತ್ತು. ನಮ್ಮಲ್ಲಿ ಮಹಿಳೆಯರ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದದ್ದು 2016-17ರಲ್ಲಿ. ಈ ಎರಡು ಇಸವಿಗಳ ನಡುವಿನ ಇಪ್ಪತ್ತೇಳು ವರ್ಷಗಳಲ್ಲಿಯೇ ಎಲ್ಲ ವ್ಯತ್ಯಾಸವೂ ಅಡಗಿದೆ. ಜಪಾನಿನ ಹುಡುಗಿಯರ ಕಾಲಿಗೆ ದೇವರು ಬೇರೆ ಬಲ ಕೊಟ್ಟಿರಲಿಲ್ಲ.

ಇದು ನಮ್ಮಿಂದಾಗದ ಕೆಲಸವೇ? ಅಲ್ಲ. ಹಿಮಾಚಲ ಪ್ರದೇಶದ ಕ್ರಿಕೆಟ್ ಸಂಸ್ಥೆ 2009ರಲ್ಲಿ ಧರ್ಮಶಾಲಾದಲ್ಲಿ ಹುಡುಗಿಯರಿಗಾಗಿ ವಸತಿಸಹಿತ ತರಬೇತಿ ಕೇಂದ್ರ ತೆರೆಯಿತು. ಶಿಮ್ಲಾ ಜಿಲ್ಲೆಯ ಹಳ್ಳಿಯೊಂದರ, ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ರೇಣುಕಾ ಸಿಂಗ್ ಠಾಕೂರ್ ಆ ಕೇಂದ್ರದಲ್ಲಿ ಬೆಳೆದವರು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಮಣಿಸಿ ಭಾರತದ ಮಹಿಳೆಯರು ಮೊದಲ ಬಾರಿಗೆ ಏಕದಿನ ವಿಶ್ವಕಪ್ ಎತ್ತಿದಾಗ ಆಕೆ ಆ ತಂಡದಲ್ಲಿದ್ದರು. ಮಧ್ಯಪ್ರದೇಶದ ಸಣ್ಣ ಊರಿನ ಕ್ರಾಂತಿ ಗೌಡ್ ಇದ್ದರು, ಆಂಧ್ರದ ಕಡಪ ಜಿಲ್ಲೆಯ ಶ್ರೀ ಚರಣಿ ಇದ್ದರು. ಮೊದಲ ಟೆಸ್ಟಿನ ನಾಯಕಿಯನ್ನು ಕೊಟ್ಟ ಕರ್ನಾಟಕದಿಂದ ಆ ತಂಡದಲ್ಲಿ ಯಾರೂ ಇರಲಿಲ್ಲ. ಗೆಲುವಿನ ಸಂತೋಷದ ನಡುವೆ ನನ್ನ ಮನಸ್ಸನ್ನು ಚುಚ್ಚಿದ ಸಂಗತಿ ಇದು.

ಇಂದಿನ ಸ್ಥಿತಿ ಹಿಂದಿನಂತಿಲ್ಲ ಎಂಬುದನ್ನೂ ಹೇಳಬೇಕು. 2022ರಲ್ಲಿ ಪುರುಷರಿಗೂ ಮಹಿಳೆಯರಿಗೂ ಅಂತರರಾಷ್ಟ್ರೀಯ ಪಂದ್ಯದ ಸಂಭಾವನೆ ಸಮನಾಯಿತು. 2023ರಿಂದ ಮಹಿಳೆಯರ ಪ್ರೀಮಿಯರ್ ಲೀಗ್ ನಡೆಯುತ್ತಿದೆ; 2024ರಲ್ಲಿ ಬೆಂಗಳೂರಿನ ತಂಡ ಅದನ್ನು ಗೆದ್ದಾಗ ಅತಿ ಹೆಚ್ಚು ವಿಕೆಟ್ ಪಡೆದವರು ನಮ್ಮವರೇ ಆದ ಶ್ರೇಯಾಂಕಾ ಪಾಟೀಲ್. ಅಂದರೆ ತಂದೆಯ ಮೂರನೆಯ ಪ್ರಶ್ನೆಗೆ, ಬದುಕಿಗೇನು ಎಂಬುದಕ್ಕೆ, ಈಗ ಉತ್ತರವಿದೆ. ಮೊದಲಿನ ಎರಡು ಪ್ರಶ್ನೆಗಳು, ಎಲ್ಲಿ ಉಳಿಯಬೇಕು, ಯಾರು ಕಲಿಸಬೇಕು ಎಂಬವು, ಜಗಳೂರಿನ ಹುಡುಗಿಗೆ, ನ್ಯಾಮತಿಯ ಹುಡುಗಿಗೆ ಇನ್ನೂ ಹಾಗೆಯೇ ನಿಂತಿವೆ. ಏಣಿಯ ಮೇಲ್ತುದಿಗೆ ಚಿನ್ನದ ಲೇಪ ಬಿದ್ದಿದೆ. ಕೆಳಗಿನ ನಾಲ್ಕು ಮೆಟ್ಟಿಲುಗಳಿಗೆ ಮರವನ್ನಾದರೂ ಜೋಡಿಸಬೇಕಲ್ಲವೇ?

ಪ್ರತಿ ತಾಲ್ಲೂಕಿಗೂ ಕ್ರೀಡಾಂಗಣ ಬೇಕೆಂದು ನಾನು ಕೇಳುವುದಿಲ್ಲ. ಜಿಲ್ಲೆಗೊಂದು ಹುಡುಗಿಯರ ವಸತಿ, ಸಂಜೆ ಎರಡು ಗಂಟೆ ಕಲಿಸುವ ಒಬ್ಬ ಗುರು, ರಾತ್ರಿ ಸುರಕ್ಷಿತವಾಗಿ ಊರು ಮುಟ್ಟಿಸುವ ಒಂದು ಬಸ್ಸು, ಇಷ್ಟಿದ್ದರೆ ಹುಣಿಸೆಮರಕ್ಕೆ ಚೆಂಡು ಬಡಿದ ಕೈ ಎಲ್ಲಿಗೆ ತಲುಪೀತೆಂದು ನೋಡಬಹುದಾಗಿತ್ತು. ಕಡೂರಿನ ಒಂದು ಮನೆ ಮಗಳಿಗಾಗಿ ಮಾಡಿದ್ದನ್ನು ಎಲ್ಲ ಮನೆಗಳೂ ಮಾಡಲಾರವು. ಮಾಡಲಾರದ ಮನೆಗಳಿಗಾಗಿಯೇ ಸಮಾಜ, ಸರಕಾರಗಳು ಇರುವುದು.

ಓದುಗರಲ್ಲಿ ಕೋರಿಕೆ ಒಂದೇ. ನಿಮ್ಮ ಊರ ಶಾಲೆಯಲ್ಲಿ ಆಟವಾಡಿ ಗೆದ್ದ ಹೆಣ್ಣುಮಕ್ಕಳು ಈಗ ಯಾರದೋ ಅತ್ತೆ, ಯಾರದೋ ಅಜ್ಜಿ ಆಗಿರಬಹುದು. ಅವರನ್ನು ಕೇಳಿ, ಬರೆದಿಡಿ. ಆ ವರ್ಷ ಯಾವ ಊರಲ್ಲಿ ಆಡಿದರು, ಯಾರ ಮೇಲೆ ಗೆದ್ದರು, ಯಾವ ಕಾರಣಕ್ಕೆ ಬಿಟ್ಟರು. ಬಿಟ್ಟ ಕಾರಣಗಳನ್ನು ತಿಳಿದುಕೊಂಡರೆ ಎಲ್ಲೆಲ್ಲಿ ಮೆಟ್ಟಿಲು ಕಟ್ಟಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.