ಮುಗಿಲಿನಿಂದ ಇಳಿದ ಪಾಠ

ಕನ್ನಡ ನಾಡಿಗೆ ದೂರದರ್ಶನ ಮೊದಲು ಬಂದದ್ದು ಎಲ್ಲಿಗೆ ಎಂದು ಕೇಳಿದರೆ ಬೆಂಗಳೂರಿಗೆ ಎಂದು ಉತ್ತರ ಕೊಡುವವರೇ ಹೆಚ್ಚು. ಪಟ್ಟಣಿಗರಾದ ನಮಗೆ ಅದು ಸಹಜವೆಂದು ತೋರುತ್ತದೆ. ಆದರೆ ಬೆಂಗಳೂರಿನ ಕೇಂದ್ರ ಆರಂಭವಾದದ್ದು ೧೯೮೧ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, ೧೯೭೫ನೆಯ ಇಸವಿ ಆಗಸ್ಟ್ ಒಂದರಂದು, ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಆ ಪೆಟ್ಟಿಗೆ ಕನ್ನಡ ಮಾತನಾಡಿತ್ತು. ಗುಲ್ಬರ್ಗಾ ಎಂದರೆ ಅಂದಿನ ದೊಡ್ಡ ಜಿಲ್ಲೆ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಮೂರೂ ಅದರೊಳಗೇ ಇದ್ದವು. ಇವು ಬೇರೆಯಾಗಿ ಯಾದಗಿರಿ ಜಿಲ್ಲೆ ಎನಿಸಿಕೊಂಡದ್ದು ೨೦೦೯ರ ಡಿಸೆಂಬರಿನಲ್ಲಿ.

ಈ ಸೋಜಿಗದ ಹಿಂದೆ ಇದ್ದದ್ದು ಒಂದು ಉಪಗ್ರಹ. ಅಮೆರಿಕದವರು ೧೯೭೪ರಲ್ಲಿ ಹಾರಿಸಿದ್ದ ಎ.ಟಿ.ಎಸ್.-೬ ಎಂಬುದನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶದ ಉಪಯೋಗಕ್ಕೆ ಕೊಟ್ಟರು. ಆರು ರಾಜ್ಯಗಳ ೨೪೦೦ ಹಳ್ಳಿಗಳನ್ನು ಆರಿಸಲಾಯಿತು. ಆರಿಸುವಾಗ ಮುಂದುವರಿದ ಸೀಮೆಗಳನ್ನು ಬಿಟ್ಟು ಹಿಂದುಳಿದ ಸೀಮೆಗಳನ್ನೇ ನೋಡಿದರೆಂಬುದು ಈ ಪ್ರಯೋಗದ ಹೆಚ್ಚುಗಾರಿಕೆ. ಹತ್ತು ಅಡಿ ಅಗಲದ, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ದೊಡ್ಡ ಬೋಗುಣಿಯೊಂದು ಊರಿನ ಶಾಲೆಯ ಬಳಿಯಲ್ಲೋ ಪಂಚಾಯಿತಿಯ ಬಳಿಯಲ್ಲೋ ಮುಗಿಲಿಗೆ ಮುಖಮಾಡಿ ನಿಂತಿತು. ಇಂಥದೇ ಒಂದನ್ನು ನಮ್ಮ ಎಂಜಿನಿಯರುಗಳು ಕೊಲಂಬೊ ನಗರದಲ್ಲಿದ್ದ ಲೇಖಕ ಆರ್ಥರ್ ಕ್ಲಾರ್ಕ್ ಅವರ ಮನೆಗೂ ಹಾಕಿಕೊಟ್ಟರು. ಇಂಥ ಉಪಗ್ರಹದ ಕಲ್ಪನೆಯನ್ನು ೧೯೪೫ರಲ್ಲೇ ಬರೆದಿಟ್ಟವರಿಗೆ ಅದು ತಕ್ಕ ಕಾಣಿಕೆ. ಬೆಳಗಿನ ಹೊತ್ತು ಒಂದೂವರೆ ಗಂಟೆ ಮಕ್ಕಳಿಗೆ ಪ್ರಸಾರ. ಅದನ್ನು ನಾಲ್ಕು ಭಾಷೆಗಳು ಹಂಚಿಕೊಳ್ಳಬೇಕು. ಹೀಗಾಗಿ ಕನ್ನಡದ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ.

ಮಕ್ಕಳ ಕಾರ್ಯಕ್ರಮವನ್ನು ನೆನೆಯುವವರು ಇಂದಿಗೂ ಇದ್ದಾರೆ. ಅವರ ಉಪಾಧ್ಯಾಯರಿಗಾಗಿ ನಡೆದುದನ್ನು ಬಹುಮಂದಿ ಮರೆತಿದ್ದಾರೆ. ಅದೇ ವರ್ಷದ ಅಕ್ಟೋಬರಿನಲ್ಲಿ ಹನ್ನೆರಡು ದಿನಗಳ ಕಾಲ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನು ಈ ಉಪಗ್ರಹದ ಮೂಲಕ ಕೊಡಲಾಯಿತು. ಆರು ರಾಜ್ಯಗಳಿಂದ ಸುಮಾರು ೨೪,೦೦೦ ಮಂದಿ ಅದರಲ್ಲಿ ಕಲಿತರು. ಮತ್ತೊಂದು ಕಂತಿನಲ್ಲಿ ಅಷ್ಟೇ ಮಂದಿ. ಟ್ರೈನಿಂಗ್ ಕಾಲೇಜಿಗೆ ಕರೆಸಿ ಕಲಿಸುವುದಾದರೆ ಇಷ್ಟು ಜನರಿಗೆ ಎಷ್ಟು ವರ್ಷ ಹಿಡಿಯುತ್ತಿತ್ತೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಬರಿಯ ಚಿತ್ರ ತೋರಿಸಿ ಕೈತೊಳೆದುಕೊಂಡರೆಂದೂ ಅಲ್ಲ. ದೂರದರ್ಶನದ ಜೊತೆಗೆ ರೇಡಿಯೋ ಇತ್ತು, ಕೈಪಿಡಿ ಇತ್ತು, ಸುತ್ತಲಿನ ಊರುಗಳಿಂದ ಬಂದವರು ಒಟ್ಟಿಗೆ ಕುಳಿತು ಮಾಡಿನೋಡುವ ಪ್ರಯೋಗಗಳಿದ್ದವು. ಕಾಗದದ ಮೇಲೆ ಇಂದು ನಾವು ಹೆಣೆಯುವ ಅನೇಕ ಯೋಜನೆಗಳಿಗಿಂತ ಅದು ಹೆಚ್ಚು ಬುದ್ಧಿವಂತಿಕೆಯ ಏರ್ಪಾಡಾಗಿತ್ತೆನ್ನದೆ ವಿಧಿಯಿಲ್ಲ.

ಹನ್ನೆರಡು ದಿನ ಕಲಿತ ಮಾಸ್ತರರು ತಮ್ಮ ಶಾಲೆಗೆ ಹಿಂದಿರುಗಿದರು. ಆ ಶಾಲೆ ಎಂಥದು? ನಾಡಿನ ಒಳಭಾಗದ ಬಹುಪಾಲು ಊರುಗಳಲ್ಲಿ ಒಂದೋ ಎರಡೋ ಕೋಣೆ. ಒಬ್ಬರೋ ಇಬ್ಬರೋ ಉಪಾಧ್ಯಾಯರು. ತರಗತಿಗಳು ಮಾತ್ರ ನಾಲ್ಕು ಅಥವಾ ಐದು. ಮೂರನೆಯವರಿಗೆ ವಿಜ್ಞಾನದ ಪ್ರಯೋಗ ತೋರಿಸುವಾಗ ಒಂದನೆಯ ತರಗತಿಯ ಇಪ್ಪತ್ತು ಮಕ್ಕಳು ಏನು ಮಾಡುತ್ತಿರಬೇಕು? ಪಾಠ ಇಳಿದದ್ದು ವಿಷಯವನ್ನು ಕುರಿತು. ಉಪಾಧ್ಯಾಯರ ತೊಡಕಿದ್ದುದು ವೇಳೆಯನ್ನು ಕುರಿತು. ಈ ಎರಡರ ನಡುವಣ ಅಂತರವನ್ನು ಯಾವ ಉಪಗ್ರಹವೂ ಅಳೆಯಲಿಲ್ಲ.

ಇದಕ್ಕೆ ಈಗ ‘ಬಹುವರ್ಗ ಬೋಧನೆ’ ಎಂಬ ಹೆಸರಿದೆ. ಹೆಸರು ಹೊಸದು, ಸಂಗತಿ ಹಳೆಯದು. ನಮ್ಮ ಐಗಳ ಕೂಲಿಮಠಗಳಲ್ಲಿ ಇನ್ನೇನಿತ್ತು? ಪಕ್ಕದ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಬೆಲ್ ೧೮೨೩ರಲ್ಲಿ ಬರೆದ ವರದಿಯನ್ನು ಶಿಕ್ಷಣದ ಇತಿಹಾಸ ಓದುವವರೆಲ್ಲ ಬಲ್ಲರು. ಆಗ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳು, ೬,೬೪೧ ಮಕ್ಕಳು. ಎಂದರೆ ಶಾಲೆಯೊಂದಕ್ಕೆ ಹನ್ನೆರಡು ಹದಿಮೂರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಕೈಗೆ ಸೊನ್ನೆ, ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆಲ್ಲ ಏರುತ್ತ ಹೋಗುವುದು. ಕೆಳಗಿನ ಗುಂಪುಗಳನ್ನು ದೊಡ್ಡ ಹುಡುಗರು ನೋಡಿಕೊಳ್ಳುವರು. ಮೇಲಿನ ಗುಂಪು ಐಗಳ ಕೈಯಲ್ಲೇ ಇದ್ದು, ಅವರ ಕಣ್ಣು ಮಾತ್ರ ಎಲ್ಲರ ಮೇಲೂ ಇರುವುದು. ಮುಂದಿರುವವನು ಹಿಂದಿರುವವನಿಗೆ ಕಲಿಸುತ್ತ ತನ್ನ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಈ ಪದ್ಧತಿಯನ್ನು ಕ್ಯಾಂಬೆಲ್ ಮೆಚ್ಚಿಕೊಂಡನು. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ತಕ್ಕದ್ದೇ ಎಂದನು. ಆ ಅನುಕರಣೆಗೆ ಕಾರಣನಾದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥಾಲಯದಲ್ಲಿದ್ದಾಗ, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ ನಮ್ಮ ಮಕ್ಕಳನ್ನು ಕಂಡು ತನ್ನ ‘ಮದರಾಸ್ ಪದ್ಧತಿ’ಯನ್ನು ರೂಪಿಸಿದವನು.

ಕೂಲಿಮಠವನ್ನು ಹಾಡಿ ಹೊಗಳಬೇಕೆಂದು ಇದನ್ನು ಹೇಳುತ್ತಿಲ್ಲ. ಅರ್ಥವಾಗದ ಪದ್ಯಗಳನ್ನು ಉರುಹೊಡೆಯಿಸುತ್ತಿದ್ದರೆಂದು ಕ್ಯಾಂಬೆಲ್ಲನೇ ದೂರಿದ್ದಾನೆ. ಹೆಣ್ಣುಮಕ್ಕಳು ಅಲ್ಲಿ ಹೆಚ್ಚುಕಡಮೆ ಇಲ್ಲವೇ ಇಲ್ಲ. ಆದರೆ ಬೇರೆಬೇರೆ ಮಟ್ಟದ ಮಕ್ಕಳು ಒಂದೇ ಕಡೆ ಕುಳಿತರೆ ಏನು ಮಾಡಬೇಕೆಂಬುದು ಐಗಳಿಗೆ ಗೊತ್ತಿತ್ತು. ವಯಸ್ಸಿಗೊಂದು ತರಗತಿ, ತರಗತಿಗೊಂದು ಪುಸ್ತಕ ಎಂಬ ಏರ್ಪಾಡು ಬಂದ ಮೇಲೆ ಆ ತಿಳಿವಳಿಕೆ ಅನುಪಯುಕ್ತವೆನಿಸಿ ಹಿಂದೆ ಸರಿಯಿತು. ಹೊಸ ಏರ್ಪಾಡಿಗೆ ಬೇಕಾದಷ್ಟು ಉಪಾಧ್ಯಾಯರು ಮಾತ್ರ ಬರಲಿಲ್ಲ.

ಸುರಪುರದ ಕತೆ ಇನ್ನೂ ಬೇರೆ. ನಾಯಕ ಅರಸರ ಈ ಸಂಸ್ಥಾನ ೧೮೫೮ರ ದಂಗೆಯ ನಂತರ ಅಳಿದು, ೧೮೬೦ರಲ್ಲಿ ನಿಜಾಮರ ಕೈಸೇರಿತು. ಮುಂದಿನ ತೊಂಬತ್ತು ವರ್ಷ ಕನ್ನಡ ಈ ಸೀಮೆಯಲ್ಲಿ ಮನೆಮಾತು. ಕಚೇರಿಯ ಮಾತಲ್ಲ, ಮೇಲಿನ ಓದಿನ ಮಾತೂ ಅಲ್ಲ. ಮುದನೂರಿನ ದೇವರ ದಾಸಿಮಯ್ಯ, ಕೊಡೇಕಲ್ಲಿನ ಬಸವಣ್ಣ, ತಿಂಥಣಿಯ ಮೌನೇಶ್ವರ ಇವರ ನೆಲದಲ್ಲಿ ಕನ್ನಡ ಉಳಿದದ್ದು ಶಾಲೆಯಿಂದ ಎನ್ನುವುದಕ್ಕಿಂತ ಬಾಯಿಯಿಂದ ಬಾಯಿಗೆ ಎನ್ನುವುದು ಸರಿ. ಇದೇ ಊರಿನ ಗುಡ್ಡದ ಮೇಲೆ ೧೮೪೨ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಇದ್ದ ಮೆಡೋಸ್ ಟೇಲರ್, ಕಾಯಿದೆಯಿಂದ ಭೂವಿಜ್ಞಾನದವರೆಗೆ ಎಲ್ಲವನ್ನೂ ತಾನೇ ಓದಿ ಕಲಿತವನು. ಗುರುವಿನಿಂದ ದೂರವಿದ್ದು ಕಲಿತವರಲ್ಲಿ ಸುರಪುರದ ಮಟ್ಟಿಗೆ ಅವನೇ ಮೊದಲಿಗನೋ ಏನೋ! ಆದರೆ ಸಾಹೇಬನಿಗೆ ಬಂಗಲೆಯಿತ್ತು, ಪುಸ್ತಕಗಳಿದ್ದವು. ಎದುರಿಗೆ ಐದು ತರಗತಿಗಳು ಕುಳಿತಿರಲಿಲ್ಲ.

೧೯೫೬ರ ಏಕೀಕರಣದ ಮೇಲೆ ಶಾಲೆಗಳು ಹೆಚ್ಚಿದವು. ಆದರೆ ಹೆಚ್ಚಿದ ಶಾಲೆಗಳಲ್ಲಿ ಏಕೋಪಾಧ್ಯಾಯ ಶಾಲೆಗಳು ಬಹಳ. ೧೯೮೭ರಲ್ಲಿ ಬಂದ ‘ಕರಿಹಲಗೆ ಕಾರ್ಯಾಚರಣೆ’ ಇಂಥ ಶಾಲೆಗೆ ಎರಡನೆಯವರೊಬ್ಬರನ್ನು ಕೊಡಹೊರಟಿತು. ೨೦೧೦ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯಾದರೂ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು ಸಾಕೆಂದು ಹೇಳುತ್ತದೆ. ತರಗತಿ ಐದು, ಉಪಾಧ್ಯಾಯರು ಇಬ್ಬರು: ಬಹುವರ್ಗ ಬೋಧನೆ ಹಿಂದುಳಿದ ಹಳ್ಳಿಯ ದುರದೃಷ್ಟವೆಂದು ನಾವು ತಿಳಿದಿದ್ದೇವೆ; ಅದು ಕಾಯಿದೆಯ ಲೆಕ್ಕದಲ್ಲೇ ಇದೆ. ಹೀಗಿರಲಾಗಿ ಉಪಾಧ್ಯಾಯರ ತರಬೇತಿಯೆಲ್ಲ ಒಂದು ಕೋಣೆಗೆ ಒಂದು ತರಗತಿ ಎಂಬ ಭಾವನೆಯಲ್ಲೇ ಬಹುಕಾಲ ನಡೆದುದು ವಿಚಿತ್ರವಲ್ಲವೆ?

೧೯೯೬ರ ಜನವರಿಯಲ್ಲಿ ಮತ್ತೊಮ್ಮೆ ಮುಗಿಲಿನಿಂದ ಪಾಠ ಇಳಿಯಿತು. ಕರ್ನಾಟಕದ ಶಿಕ್ಷಕರಿಗೆ ಏಳು ದಿನಗಳ ಉಪಗ್ರಹ ತರಬೇತಿ. ಈ ಸಲ ಚಿತ್ರ ಒಂದು ಕಡೆಯಿಂದ ಬಂದರೂ ಮಾತು ಎರಡು ಕಡೆಯಿಂದಲೂ ಸಾಧ್ಯವಿತ್ತು. ಕೇಂದ್ರದಲ್ಲಿ ಕುಳಿತ ಉಪಾಧ್ಯಾಯರು ದೂರದ ಪಂಡಿತರನ್ನು ಪ್ರಶ್ನೆ ಕೇಳಬಹುದಾಗಿತ್ತು. ೧೯೭೫ಕ್ಕಿಂತ ಇದು ಖಂಡಿತ ಮುಂದಿನ ಹೆಜ್ಜೆ. ೨೦೦೪ರಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಹಾರಿತು. ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಅದರ ಪಾಠಗಳು ಬಂದವು. ೨೦೧೦ರಲ್ಲಿ ಆ ಉಪಗ್ರಹದ ಆಯುಸ್ಸು ಮುಗಿಯಿತು. ರೇಡಿಯೋದಲ್ಲಿ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ಗಳು ಬಂದವು, ಇವುಗಳಲ್ಲಿ ಹಾಡು, ಆಟಗಳಿದ್ದುದರಿಂದ ಕೋಣೆಯ ಎಲ್ಲ ಮಕ್ಕಳೂ ಕೂಡಿ ಕೇಳಬಹುದಾಗಿತ್ತು ಎಂಬುದು ನನಗೆ ದೊಡ್ಡ ಗುಣವಾಗಿ ಕಾಣುತ್ತದೆ.

ತೊಡಕಿನ ಬೇರಿಗೆ ಕೈಹಾಕಿದ್ದು ಇವಾವುವೂ ಅಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ಯ ಕತೆ ಬೇರೆ ರೀತಿಯದು. ಆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಬಳಿಯ ಋಷಿ ಕಣಿವೆಗೆ ಹೋಗಿ, ಅಲ್ಲಿನ ಸುತ್ತಲಿನ ಹಳ್ಳಿಶಾಲೆಗಳಲ್ಲಿ ಒಬ್ಬರೇ ಉಪಾಧ್ಯಾಯರು ಎಲ್ಲ ವಯಸ್ಸಿನ ಮಕ್ಕಳನ್ನು ಹೇಗೆ ಕೂಡಿಸಿಕೊಂಡು ನಡೆಸುತ್ತಾರೆಂಬುದನ್ನು ಕಣ್ಣಾರೆ ಕಂಡುಬಂದರು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡುಗಳು. ಒಂದು ಗುಂಪಿಗೆ ಉಪಾಧ್ಯಾಯರ ಪೂರ್ತಿ ನೆರವು, ಇನ್ನೊಂದಕ್ಕೆ ಅರೆನೆರವು, ಮಗದೊಂದಕ್ಕೆ ಓರಗೆಯ ಮಕ್ಕಳದೇ ನೆರವು, ಕೊನೆಯದು ತಾನೇ ಕಲಿಯುವುದು. ಐಗಳು ಎದ್ದುಬಂದು ನೋಡಿದ್ದರೆ ಬೆತ್ತವೊಂದು ಇಲ್ಲವಲ್ಲ ಎಂದು ಕೇಳುತ್ತಿದ್ದರೇ ಹೊರತು ಉಳಿದುದನ್ನು ಗುರುತು ಹಿಡಿಯುತ್ತಿದ್ದರು. ೨೦೦೯-೧೦ರಿಂದ ನಲಿ-ಕಲಿ ರಾಜ್ಯದ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಹಬ್ಬಿತು. ಹಬ್ಬುವ ಭರದಲ್ಲಿ ಕೆಲವೆಡೆ ಕಾರ್ಡುಗಳು ತಲುಪಿ ಅದರ ಹಿಂದಿನ ಮನಸ್ಸು ತಲುಪದೆ ಹೋಯಿತೆಂಬ ದೂರಿನಲ್ಲಿಯೂ ಸತ್ಯವುಂಟು. ಹೆಗ್ಗಡದೇವನಕೋಟೆಯವರು ಕಂಡು ಕಲಿತದ್ದನ್ನು ಉಳಿದವರು ಸುತ್ತೋಲೆಯಲ್ಲಿ ಓದಿಕೊಳ್ಳಬೇಕಾಯಿತು.

೨೦೦೪-೦೫ರ ಸುಮಾರಿಗೆ ಸುರಪುರ ತಾಲ್ಲೂಕಿನಲ್ಲಿ ಸರ್ಕಾರ, ಯುನಿಸೆಫ್, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂವರೂ ಕೂಡಿ ಮಕ್ಕಳಸ್ನೇಹಿ ಶಾಲೆಗಳ ಕೆಲಸ ಕೈಗೊಂಡರು. ಅದರ ಅಂಗವಾಗಿ ಬಂದ ಶಿಕ್ಷಕರ ಕಲಿಕಾ ಕೇಂದ್ರಗಳನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಶಾಲೆ ಬಿಟ್ಟ ಮೇಲೆ, ಯಾರ ಹುಕುಮೂ ಇಲ್ಲದೆ ಉಪಾಧ್ಯಾಯರು ಬಂದು ಕುಳಿತುಕೊಳ್ಳುವ ಜಾಗ. ಒಂದಿಷ್ಟು ಪುಸ್ತಕ, ಕಲಿಕೆಯ ಸಾಮಾನು, ಮಾತು. ಕಲಬುರಗಿಯ ಜಿಲ್ಲಾ ಕಚೇರಿ ನೂರು ಕಿಲೋಮೀಟರಿನಾಚೆ ಇದ್ದ ತಾಲ್ಲೂಕಿಗೆ ಇದರ ಬೆಲೆ ಎಷ್ಟೆಂಬುದು ಅಲ್ಲಿ ಕೆಲಸ ಮಾಡಿದವರಿಗೇ ಗೊತ್ತು.

೨೦೧೧ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ೫೧.೮೩, ರಾಜ್ಯದ್ದು ೭೫.೩೬. ಕರ್ನಾಟಕದಲ್ಲೆಲ್ಲ ಕೊನೆಯ ಸ್ಥಾನ. ಇದಕ್ಕೆ ಉಪಾಧ್ಯಾಯರನ್ನಷ್ಟೇ ಹೊಣೆಮಾಡುವುದು ಅನ್ಯಾಯ. ಸುಗ್ಗಿ ಮುಗಿದೊಡನೆ ತಂದೆತಾಯಿಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುತ್ತಾರೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಮರಳಿ ಬಂದ ಹುಡುಗಿಯ ಹೆಸರು ಹಾಜರಿ ಪುಸ್ತಕದ ನಾಲ್ಕನೆಯ ತರಗತಿಯಲ್ಲಿದ್ದರೂ ಅವಳ ಓದು ಎರಡನೆಯದರಲ್ಲೇ ನಿಂತಿರುತ್ತದೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಎಂದಮೇಲೆ ಒಂದೇ ತರಗತಿಯೊಳಗೂ ಎರಡು ಮೂರು ತರಗತಿಗಳು ಅಡಗಿರುತ್ತವೆ.

ಈಗ ಪಠ್ಯಪುಸ್ತಕದ ಪುಟದಲ್ಲೇ ಕಪ್ಪುಬಿಳುಪಿನ ಸಣ್ಣ ಚೌಕವೊಂದನ್ನು ಅಚ್ಚು ಹಾಕಿರುತ್ತಾರೆ. ಅದಕ್ಕೆ ಮೊಬೈಲ್ ಹಿಡಿದರೆ ‘ದೀಕ್ಷಾ’ ವೇದಿಕೆಯ ಪಾಠ ತೆರೆದುಕೊಳ್ಳುತ್ತದೆ. ಉಪಾಧ್ಯಾಯರ ತರಬೇತಿಯೂ ಅದರಲ್ಲೇ ಉಂಟು. ಹತ್ತು ಅಡಿಯ ಬೋಗುಣಿ ಅಂಗೈಯಗಲದ ಗಾಜಿಗೆ ಇಳಿದಿದೆ. ಇದನ್ನು ಹಳಿಯುವ ಮನಸ್ಸು ನನಗಿಲ್ಲ. ಕೊಡೇಕಲ್ಲಿನ ಆಚೆಯ ಊರಿನಲ್ಲಿರುವ ಉಪಾಧ್ಯಾಯಿನಿಗೆ ಒಳ್ಳೆಯ ಗಣಿತದ ಪಾಠವೊಂದು ಬಸ್ಸು ಹತ್ತದೆ ಸಿಗುವುದು ಸಣ್ಣ ಮಾತಲ್ಲ. ಆದರೆ ಆ ಪಾಠಗಳನ್ನು ಸಿದ್ಧಪಡಿಸುವವರು ಒಂದು ದಿನ ಅವರ ಶಾಲೆಯ ಮೂಲೆಯಲ್ಲಿ ಕುಳಿತು, ಅವರು ಮೂರನೆಯವರಿಗೆ ಲೆಕ್ಕ ಹೇಳುತ್ತಿರುವಾಗ ಒಂದನೆಯವರ ಕೈಗೆ ಏನು ಕೊಟ್ಟಿದ್ದಾರೆಂಬುದನ್ನು ನೋಡಿ, ಅದನ್ನೇ ಚಿತ್ರ ಹಿಡಿದು ಶಹಾಪುರದ, ಯಾದಗಿರಿಯ ಉಪಾಧ್ಯಾಯರಿಗೆ ಕಳುಹಿಸಬಾರದೇಕೆ?