ಪತ್ತೇದಾರನಿಲ್ಲದ ಒಂದು ಪ್ರಕರಣ

ಪತ್ತೇದಾರಿ ಕಾದಂಬರಿ ಹಿಡಿದು ಕೂತರೆ ಮನೆಯಲ್ಲಿ ಹಿರಿಯರು ಗದರಿಸುವುದುಂಟು. ಇತಿಹಾಸ ಓದುವ ನಿಮಗೆ ಅದರಿಂದಲೂ ಒಂದು ಪ್ರಯೋಜನವಿದೆ ಎಂದರೆ ನಂಬುವಿರಾ? ರಷ್ಯಾದ ಬೊರಿಸ್ ಅಕೂನಿನ್ 1998ರಲ್ಲಿ ಪ್ರಕಟಿಸಿದ ‘ಅಜಜೇಲ್’ ಕಾದಂಬರಿಯನ್ನೇ ನೋಡಿ. ಕಥೆ ನಡೆಯುವುದು 1876ರ ಮಾಸ್ಕೋದಲ್ಲಿ, ಝಾರ್ ಚಕ್ರವರ್ತಿಗಳ ಕಾಲದಲ್ಲಿ. ಉದ್ಯಾನವೊಂದರಲ್ಲಿ ಹಾಡುಹಗಲೇ, ಜನರ ಕಣ್ಣೆದುರು, ಒಬ್ಬ ವಿದ್ಯಾರ್ಥಿ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಆತ್ಮಹತ್ಯೆ ಎಂದು ಬರೆದು ಕಡತ ಮುಚ್ಚಬಹುದಿತ್ತು. ಆದರೆ ಪೊಲೀಸ್ ಕಚೇರಿಯ ಕಿರಿಯ ಗುಮಾಸ್ತ, ಇಪ್ಪತ್ತರ ಹರೆಯದ ಫಾಂದೊರಿನ್, ಕಡತವನ್ನು ನಂಬುವುದಿಲ್ಲ. ಇಡೀ ಕಾದಂಬರಿ ಹುಟ್ಟುವುದು ಆ ಒಂದು ಅನುಮಾನದಿಂದ.

ಅಂಥದೇ ಒಂದು ಗುಂಡು ನಮ್ಮ ಇತಿಹಾಸದಲ್ಲೂ ಹಾರಿದೆ. ನಾಲತವಾಡದಿಂದ ಪೂರ್ವಕ್ಕೆ ನಾರಾಯಣಪುರ, ಕೊಡೇಕಲ್ಲ, ಹುಣಸಗಿ ದಾಟಿ ಹೋದರೆ ಸುರಪುರ ಸಿಗುತ್ತದೆ. ಬೇಡ ನಾಯಕರ ಆ ಸಂಸ್ಥಾನದ ಅರಸ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ, 1841ರಲ್ಲಿ, ಆಡಳಿತ ನೋಡಿಕೊಳ್ಳಲು ಬಂದವನು ಮೆಡೋಸ್ ಟೇಲರ್. 1853ರವರೆಗೆ ಅಲ್ಲೇ ಇದ್ದ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ.

ಈ ಟೇಲರ್ ಸ್ವತಃ ಕಾದಂಬರಿಕಾರ ಎಂಬುದನ್ನು ಮರೆಯಬೇಡಿ. 1839ರಲ್ಲಿ ಅವನು ಬರೆದ ‘ಕನ್ಫೆಷನ್ಸ್ ಆಫ್ ಎ ಥಗ್’ ಅಪರಾಧ ಕಥೆಯೇ. ಠಕ್ಕರ ಹೇಳಿಕೆಗಳನ್ನು ಎದುರಿಗೆ ಕೂತು ಕೇಳಿದವನ ಬರಹ ಅದು. ಆದರೆ ಆ ಹೇಳಿಕೆಗಳು ಬಹುಮಟ್ಟಿಗೆ ಮಾಫಿ ಸಾಕ್ಷಿಗಳವು. ಪ್ರಾಣ ಉಳಿಸಿಕೊಳ್ಳಲು ಜೊತೆಗಾರರ ಹೆಸರು ಹೇಳಿದವರು. 1836ರ 30ನೆಯ ಕಾಯಿದೆಯ ಪ್ರಕಾರ, ಠಕ್ಕರ ಗುಂಪಿಗೆ ಸೇರಿದವನೆಂದು ರುಜುವಾದರೆ ಸಾಕು, ಜೀವಾವಧಿ ಶಿಕ್ಷೆ. ಇಂಥ ಕೊಲೆ ಮಾಡಿದನೆಂದು ತೋರಿಸಬೇಕಿರಲಿಲ್ಲ. ಪತ್ತೇದಾರಿಕೆಯ ಅರ್ಧ ಕೆಲಸವೇ ಅಲ್ಲಿ ಮಾಯವಾಯಿತು, ಅಲ್ಲವೇ?

1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಕಾದಿತು, ಸೋತಿತು. ಅರಸ ಹೈದರಾಬಾದಿನಲ್ಲಿ ಸೆರೆಯಾದ. ಮೊದಲು ಮರಣದಂಡನೆ, ಅದು ಇಳಿದು ಗಡೀಪಾರು, ಕೊನೆಗೆ ಗವರ್ನರ್ ಜನರಲ್ ಅದನ್ನೂ ಇಳಿಸಿ ನಾಲ್ಕು ವರ್ಷದ ಸೆರೆವಾಸ ಎಂದರು. ಮದರಾಸಿನ ಹತ್ತಿರದ ಚೆಂಗಲ್ಪಟ್ಟಿಗೆ ಅವನನ್ನು ಸಾಗಿಸುತ್ತಿದ್ದರು. ದಾರಿಯಲ್ಲಿ, ಕಾವಲಿನ ಅಧಿಕಾರಿ ಗುಡಾರದಿಂದ ಹೊರಗೆ ಹೋಗಿದ್ದಾಗ, ಅವನ ರಿವಾಲ್ವರಿನಿಂದಲೇ ಗುಂಡು ಹಾರಿತು. ಅರಸ ಗುಂಡು ಹಾರಿಸಿಕೊಂಡ ಎಂದು ಬರೆಯಲಾಯಿತು.

ಟೇಲರ್ ಸ್ಥಳದಲ್ಲಿರಲಿಲ್ಲ. ಆದರೂ ನಮಗೆ ಹೆಚ್ಚು ಪರಿಚಿತವಾದ ವಿವರಣೆ ಅವನ ಆತ್ಮಕಥೆಯದೇ. ಅದು ಅಚ್ಚಾದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅರಸನಿಗೆ ಮರಣವೆಂದು ಜಾತಕ ಹೇಳಿತ್ತಂತೆ, ಹಾಗೆಯೇ ಆಯಿತಂತೆ. ಟೇಲರನ ದುಃಖ ನಿಜವಾದದ್ದೇ. ಆ ಪುಟಗಳನ್ನು ಓದಿದರೆ ಸಂಶಯ ಉಳಿಯದು. ಆದರೆ ಜಾತಕ ಬಂದೊಡನೆ ಸಾವು ವಿಧಿಯ ಕೆಲಸವಾಗಿಬಿಡುತ್ತದೆ, ಪ್ರಶ್ನೆಗಳು ನಿಂತುಹೋಗುತ್ತವೆ. ಕಾದಂಬರಿಗೆ ಒಪ್ಪುವ ಮುಕ್ತಾಯ. ಸಾಕ್ಷ್ಯ ಮಾತ್ರ ಅಲ್ಲ.

ಇಷ್ಟರಿಂದಲೇ ಕೊಲೆಯೆಂದು ತೀರ್ಮಾನಿಸಲಾಗದು. ರಾಜ್ಯ ಕಳೆದುಕೊಂಡ ಸ್ವಾಭಿಮಾನಿ ಯುವಕ ಸಾವನ್ನು ಆರಿಸಿಕೊಂಡಿದ್ದರೆ ಆಶ್ಚರ್ಯವೂ ಇಲ್ಲ. ಆದರೆ ಸೆರೆ ಹಿಡಿದವರು, ಕಾವಲು ಕಾದವರು, ಘಟನೆಯನ್ನು ವರದಿ ಮಾಡಿದವರು ಎಲ್ಲರೂ ಒಂದೇ ಸರಕಾರದವರು. 1860ರಲ್ಲಿ ಆ ಸರಕಾರ ಸುರಪುರವನ್ನು ನಿಜಾಮನಿಗೆ ಒಪ್ಪಿಸಿತು. ಅರಸ ನಾಲ್ಕು ವರ್ಷ ಕಳೆದು ಮರಳಿ ಬಂದಿದ್ದರೆ?

ಫಾಂದೊರಿನ್ ಈ ಕಡತ ತೆರೆದಿದ್ದರೆ ಮೊದಲು ಯಾರನ್ನು ಕರೆಸುತ್ತಿದ್ದ? ಆ ಕಾವಲಿನ ಅಧಿಕಾರಿಯನ್ನೇ ಎಂದು ನನ್ನ ಊಹೆ. ಕೇಳಬೇಕಾದ ಪ್ರಶ್ನೆ ಒಂದೇ: ಗುಂಡು ತುಂಬಿದ ರಿವಾಲ್ವರನ್ನು ಕೈದಿಯ ಕೈಗೆ ಎಟಕುವಂತೆ ಬಿಟ್ಟು ಹೊರಗೆ ಹೋದದ್ದೇಕೆ?